ಬ್ಯಾಟರಿಯಿಂದ ಬಂದ ಸೌದೆ

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದರೆ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಹಳೇ ಗಾಡಿಲಿ ಬ್ಯಾಟ್ರಿ ಇನ್ನೊಂದ್ ವರ್ಸ ಬಾಳ್ಬೇಕು ಅಂದ್ರೆ ಏನ್ ಮಾಡ್ಬೇಕು ಸಾ?" ಗೊತ್ತಿದ್ದಷ್ಟು ಹೇಳಿ ಕಳಿಸುತ್ತೇನೆ. ಇಲ್ಲಿಯೂ ಅದನ್ನು ಬರೆಯುತ್ತೇನೆ. ಆದರೆ ಅವರು ಯಾರೂ ಕೇಳದ, ನಾನೂ ಅವರಿಗೆ ಬಾಯಿಬಿಟ್ಟು ಹೇಳದೆ ಇಷ್ಟು ವರ್ಷ ಕಳೆದ ಒಂದು ಸಂಗತಿ ಇದೆ. ಬ್ಯಾಟರಿಗೆ ಕೈಹಾಕುವವರು ಅದನ್ನು ತಿಳಿದುಕೊಂಡೇ ಕೈಹಾಕಬೇಕು.

ಕೊಳ್ಳೇಗಾಲದ ಒಂದು ಖಾಸಗಿ ಬಸ್ ಕಂಪನಿಯ ಶೆಡ್ಡಿಗೆ ನಾನು ಸೇರಿದ್ದು ಐವತ್ತಾರರಲ್ಲಿ. ನಮ್ಮ ತಾಲೂಕು ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಆಫೀಸುಗಳ ಬೋರ್ಡು ಬದಲಾಯಿತು, ಕಾಗದಪತ್ರದ ಭಾಷೆ ಬದಲಾಯಿತು. ನಮ್ಮ ಶೆಡ್ಡಿನ ಏಳು ಬಸ್ಸುಗಳು ಮಾತ್ರ ಅವೇ. ಅದರಲ್ಲಿ ನಾಲ್ಕು ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಗಳ ಮೇಲೆ ಮರದ ಗೂಡು ಕಟ್ಟಿಸಿದಂಥವು. ಹೊಸ ಬ್ಯಾಟರಿ ಬೇಕೆಂದರೆ ಮದರಾಸಿಗೋ ಬೆಂಗಳೂರಿಗೋ ಬರೆದು ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಇದ್ದದ್ದನ್ನೇ ಬದುಕಿಸಿಕೊಳ್ಳಬೇಕು. ನನ್ನನ್ನು ತೆಗೆದುಕೊಂಡದ್ದೇ ಆ ಕೆಲಸಕ್ಕೆ. ಆಗ ನನಗೆ ಇಪ್ಪತ್ತಮೂರು. ಹುಟ್ಟೂರು ಬಂಡಳ್ಳಿ, ಹೆಸರು ರಾಚಪ್ಪ. ಕೆಲವೇ ವರ್ಷದಲ್ಲಿ ಪೇಟೆಯವರೆಲ್ಲ ಬ್ಯಾಟ್ರಿ ರಾಚಪ್ಪ ಎನ್ನತೊಡಗಿದರು.

ನನಗೆ ಕೆಲಸ ಕಲಿಸಿದವರು ಪಳನಿ ಮೇಸ್ತ್ರಿ. ಕೊಯಮತ್ತೂರು ಕಡೆಯವರು, ಕನ್ನಡ ಮಾತಾಡಿದರೂ ಅರ್ಧ ತಮಿಳೇ. ಸೇರಿದ ದಿನ ಅವರು ಹೇಳಿದ ಮೊದಲ ಮಾತು: "ತಂಬಿ, ತಣ್ಣಿ ನೋಡು. ದಿನಾ ತಣ್ಣಿ ನೋಡು. ಪ್ಲೇಟು ನೀರಿಂದ ಮೇಲಕ್ಕೆ ತಲೆ ಎತ್ತಿದ್ರೆ ಒಣಗೋಯ್ತದೆ. ಒಣಗಿದ್ದು ತಿರುಗಾ ಬರಲ್ಲ."

ಅವರು ಕಲಿಸಿದ್ದು ಇಷ್ಟು. ಕಡಿಮೆಯಾಗಿರುವುದು ನೀರು, ಆಸಿಡ್ ಅಲ್ಲ. ಹಾಗಾಗಿ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ಬಾವಿ ನೀರು ಹಾಕಬಾರದು. ಟರ್ಮಿನಲ್ಲಿನ ಮೇಲೆ ಬೆಳ್ಳಗೆ, ಹಸಿರಾಗಿ ಹೂವು ಕಟ್ಟಿದ್ದರೆ ಬಿಸಿನೀರಿಗೆ ಸೋಡಾ ಬೆರೆಸಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಬೇಕು. ಬ್ಯಾಟರಿಗೆ ಚಾರ್ಜು ಕೊಡುವ ಡೈನಮೋದ ಬೆಲ್ಟು ಸಡಿಲವಾಗಿದೆಯೇ ಎಂದು ಹೆಬ್ಬೆರಳಲ್ಲಿ ಒತ್ತಿ ನೋಡಬೇಕು. ಬೆಳಗಿನ ಮೊದಲ ಸ್ಟಾರ್ಟು ಬ್ಯಾಟರಿಯಲ್ಲಿ ಬೇಡ, ಗಾಡಿಯ ಮುಂದೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ಹೊಡೆಯಿರಿ. ತಣ್ಣಗಿರುವ ಇಂಜಿನ್ನು ಬ್ಯಾಟರಿಯ ಜೀವ ಹೀರುತ್ತದೆ. ಗಾಡಿ ಸುಮ್ಮನೆ ನಿಂತಿದ್ದರೂ ಬ್ಯಾಟರಿಗೆ ಚಾರ್ಜು ಕೊಡುತ್ತಿರಬೇಕು.

ಹನೂರು ದಾಟಿ ಗೋಪಿನಾಥಂ ದಿಕ್ಕಿಗೆ ಹೋಗುವ ಬಸ್ಸಿನ ಬ್ಯಾಟರಿ ಮಾತ್ರ ಎಷ್ಟು ನೋಡಿಕೊಂಡರೂ ಬೇಗ ಸಾಯುತ್ತಿತ್ತು. ಕಾರಣ ರಸ್ತೆ. ಕಲ್ಲಿನ ಮೇಲೆ ಕುಣಿದು ಕುಣಿದು ಒಳಗಿನ ಸೀಸದ ಪ್ಲೇಟಿಗೆ ಮೆತ್ತಿದ ಮಸಾಲೆ ಉದುರಿ ತಳದಲ್ಲಿ ಕೆಸರಾಗಿ ನಿಲ್ಲುತ್ತದೆ. ಹಳೇ ಟ್ಯೂಬು ಕತ್ತರಿಸಿ ಬ್ಯಾಟರಿಯ ಕೆಳಗೂ ನಾಲ್ಕು ಪಕ್ಕಕ್ಕೂ ಮೆತ್ತೆ ಕೊಟ್ಟು ಬಿಗಿದೆ. ಮುಂದಿನ ಬ್ಯಾಟರಿ ಎರಡರಷ್ಟು ದಿನ ಬಂತು. ಪಳನಿ ಮೇಸ್ತ್ರಿ ಎರಡು ಸಲ ತಲೆದೂಗಿದರು. ಅವರಿಂದ ಅಷ್ಟು ಬಂದರೆ ಬಹಳ.

ಆ ಹೆಮ್ಮೆ ತಲೆಗೇರಿದ್ದಾಗಲೇ ಯಳಂದೂರಿನಲ್ಲಿ ಪೆಟ್ಟು ತಿಂದೆ. ಅಲ್ಲಿ ಜಮೀನ್ದಾರರೊಬ್ಬರ ಮನೆಯಲ್ಲಿ ಹಳೆಯ ಕಾರು. ಮನೆಯಲ್ಲಿ ಮದುವೆ, ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದು ನನ್ನನ್ನು ಕರೆಸಿದರು. ಬಾಗಿಲು ಅರ್ಧ ಮುಚ್ಚಿದ ಕಾರಿನ ಶೆಡ್ಡಿನಲ್ಲೇ ಹ್ಯಾಂಡಲ್ ಹೊಡೆದು ಇಂಜಿನ್ ಓಡಿಸಿದೆ. ಅರ್ಧ ಗಂಟೆಯಲ್ಲಿ ಬ್ಯಾಟರಿ ಕುದಿಯತೊಡಗಿತು. ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಡೈನಮೋ ಮಿತಿ ಮೀರಿ ಚಾರ್ಜು ತುಂಬುತ್ತಿದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಡ್ರೈವರಿಗೆ, "ಈಗ್ ನೋಡಿ ಎಂಗದೆ ಕರೆಂಟು" ಎಂದು ಎರಡು ಟರ್ಮಿನಲ್ಲಿಗೂ ಸ್ಪ್ಯಾನರ್ ತಾಗಿಸಿ ಕಿಡಿ ಹಾರಿಸಿದೆ.

ಬೆಂಕಿಗೆ ಬಿದ್ದ ತೆಂಗಿನಕಾಯಿ ಸಿಡಿದಂತೆ ಬ್ಯಾಟರಿ ಸಿಡಿಯಿತು. ಕುದಿಯುವ ಬ್ಯಾಟರಿಯಿಂದ ಬರುವ ಗಾಳಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮುಖ, ಕತ್ತು, ಎದೆಯ ಮೇಲೆಲ್ಲ ಆಸಿಡ್. ಕಣ್ಣು ಬಿಡಲಾಗದೆ ಕೂಗಿಕೊಂಡು ಅಂಗಳಕ್ಕೆ ಓಡಿದೆ. ಯಾರೋ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ, ದನಕ್ಕೆ ಇಟ್ಟಿದ್ದ ಕಲಗಚ್ಚಿನ ಬಾನಿಯೊಳಗೆ ಮುಖ ಅದ್ದಿದರು. ಎತ್ತಿದರು, ಮತ್ತೆ ಅದ್ದಿದರು.

"ಉಸುರ್ ಬುಡ್ಲಾ... ಈಗ್ ಕಣ್ ಬುಡ್ಲಾ ನೀರೊಳ್ಗೆ! ಬುಡು ಅಂದ್ರೆ ಬುಡು!" ಎಂದು ಆ ಮನೆಯ ಕೊಟ್ಟಿಗೆ ಕೆಲಸದ ಮುದುಕಿ ನನ್ನ ತಲೆ ಬಿಡದೆ ಬೈಯುತ್ತಿದ್ದಳು. ಏನಾಯಿತೆಂದು ಅವಳು ಕೇಳಿರಲೂ ಇಲ್ಲ. ಅವಳು ಇಲ್ಲದಿದ್ದರೆ ನಾನು ಇವತ್ತು ಕುರುಡ.

ಮಾರನೆಯ ದಿನ ನನ್ನ ಅಂಗಿ ಬಲೆಯ ಹಾಗೆ ತೂತು ಬಿತ್ತು. ಪಳನಿ ಮೇಸ್ತ್ರಿ ಬೈಯಲಿಲ್ಲ. ಅಂಗಿಯನ್ನು ಶೆಡ್ಡಿನ ಮೊಳೆಗೆ ಎಲ್ಲರಿಗೂ ಕಾಣುವಂತೆ ನೇತುಹಾಕಿದರು. ಬ್ಯಾಟರಿಯ ಹತ್ತಿರ ಕಿಡಿ, ಬೀಡಿ, ಬೆಂಕಿಕಡ್ಡಿ ಯಾವುದೂ ಬೇಡ. ಚಾರ್ಜು ಮಾಡುವಾಗ ಬಾಗಿಲು ತೆರೆದಿರಲಿ. ಇದನ್ನು ನಾನು ಕಲಿತದ್ದು ಹೀಗೆ. ಆದರೆ ಅಂದು ಕಲಿತದ್ದು ಕಣ್ಣಿಗೆ ಕಾಣುವ ಅಪಾಯವನ್ನು ಮಾತ್ರ.

ಕೆಲವು ವರ್ಷ ಕಳೆದ ಮೇಲೆ ಮೇಸ್ತ್ರಿಗಳು ನನಗೆ ಬ್ಯಾಟರಿ ಬಿಚ್ಚಿ ಕಟ್ಟುವುದನ್ನು ಕಲಿಸಿದರು. ಈಗಿನವರಿಗೆ ಇದು ಗೊತ್ತಿಲ್ಲ. ಈಗ ಸತ್ತ ಬ್ಯಾಟರಿಯನ್ನು ಕೊಟ್ಟು ಹೊಸದು ತರುತ್ತಾರೆ. ಆಗ ಮೇಲಿನ ಡಾಂಬರು ಕಾಯಿಸಿ ತೆಗೆದು, ಒಳಗಿನ ಸೀಸದ ಪ್ಲೇಟುಗಳನ್ನು ಹೊರಗೆಳೆದು, ತಳದ ಕೆಸರು ತೊಳೆದು, ಸತ್ತ ಪ್ಲೇಟು ಬದಲಿಸಿ ಮತ್ತೆ ಕಟ್ಟುತ್ತಿದ್ದೆವು. ಪ್ಲೇಟಿಗೆ ಪ್ಲೇಟು ತಾಗದಂತೆ ನಡುವೆ ಮರದ ಹಾಳೆ ಇರುತ್ತಿತ್ತು, ರಟ್ಟಿನಷ್ಟು ತೆಳ್ಳಗೆ. ತೀರಾ ಹಳೆಯ ಬ್ಯಾಟರಿಗಳಿಗೆ ಹೊರಗಿನ ಪೆಟ್ಟಿಗೆಯೂ ಮರದ್ದೇ. ಪ್ರತಿ ಸಲ ಬಿಚ್ಚಿದಾಗಲೂ ಈ ಹಾಳೆ, ಈ ಹಲಗೆ ರಾಶಿ ಬೀಳುತ್ತಿತ್ತು.

ಮೇಸ್ತ್ರಿಗಳು ಶೆಡ್ಡಿನ ಹಿಂದೆ ಒಂದು ಕುಳಿ ತೋಡಿಸಿದ್ದರು. "ಅದು ಕೆಟ್ಟದ್ದು ತಂಬಿ, ಕುಳಿಗೆ ಹಾಕು" ಎಂದಷ್ಟೇ ಹೇಳುತ್ತಿದ್ದರು. ಯಾಕೆ ಕೆಟ್ಟದ್ದು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆಸಿಡ್ ಕುಡಿದ ಮರ, ಅದಕ್ಕೇ ಕೆಟ್ಟದ್ದು ಎಂದು ನಾನೇ ಅರ್ಥ ಮಾಡಿಕೊಂಡೆ.

ಅವರು ವಯಸ್ಸಾಗಿ ತಮ್ಮ ಊರಿಗೆ ಹೋದರು. ಬ್ಯಾಟರಿ ಕೆಲಸವೆಲ್ಲ ನನ್ನ ಮೇಲೆ ಬಿತ್ತು. ಪೇಟೆಯ ಲಾರಿ, ಕಾರುಗಳ ಬ್ಯಾಟರಿಯೂ ನಮ್ಮ ಶೆಡ್ಡಿಗೇ ಬರತೊಡಗಿದವು. ಯಾವುದನ್ನೂ ಹಾಳು ಮಾಡಬಾರದು ಎನ್ನುವುದು ನನ್ನ ಸ್ವಭಾವ. ಒಳ್ಳೆಯ ಮರವನ್ನು ಕುಳಿಗೆ ಹಾಕಲು ಮನಸ್ಸು ಬರಲಿಲ್ಲ. ತೊಟ್ಟಿಯಲ್ಲಿ ಎರಡು ದಿನ ನೆನೆಹಾಕಿ, ಮೂರು ನೀರು ತೊಳೆದು, ಬಿಸಿಲಿಗೆ ಒಣಗಿಸಿದೆ. ನಾಲಿಗೆಗೆ ತಾಗಿಸಿದರೆ ಹುಳಿ ಇರಲಿಲ್ಲ. ಹೌದು, ನಾಲಿಗೆಗೆ ತಾಗಿಸಿ ನೋಡಿದೆ. ಆಸಿಡ್ ಹೋಗಿದೆ ಎಂದು ಸಂತೋಷಪಟ್ಟು ಗೋಣಿಚೀಲಕ್ಕೆ ತುಂಬಿ ಮನೆಗೆ ತಂದೆ.

ನನ್ನ ಹೆಂಡತಿ ಪುಟ್ಟಮ್ಮ ಒಂದೇ ದಿನ ಒಲೆಗೆ ಹಾಕಿದಳು. "ಇದೇನ್ ನಾತವೋ ಕಾಣೆ, ಅನ್ನಕ್ಕೆಲ್ಲ ಅಂಟ್ಕಂಡದೆ. ನಮ್ಗೆ ಬ್ಯಾಡ, ತಕಂಡೋಗಿ" ಎಂದಳು.

ಚೀಲ ಕೊಳ್ಳೇಗಾಲದ ನಮ್ಮ ಮನೆಯ ಹಿತ್ತಲಲ್ಲಿ ಉಳಿಯಿತು. ಹಿತ್ತಲಿನ ಆಚೆ ಚೌಡಪ್ಪನ ಮನೆ. ಚೌಡಪ್ಪ ರೇಷ್ಮೆ ಮಗ್ಗದವನು, ನನಗಿಂತ ಎರಡು ವರ್ಷ ದೊಡ್ಡವನು. ಸೀರೆಯ ಅಂಚಿನಲ್ಲಿ ಅವನು ನೇಯುತ್ತಿದ್ದ ಚಿತ್ತಾರದ ಸಾಲು ನೋಡಲು ಬೇರೆ ಕೇರಿಯ ನೇಕಾರರೂ ಬರುತ್ತಿದ್ದರು. ಅವನ ಹೆಂಡತಿ ರಂಗಮ್ಮ ನನ್ನನ್ನು ಅಣ್ಣ ಎನ್ನುತ್ತಿದ್ದಳು. ಅವರ ಮನೆಯಲ್ಲಿ ಅಡುಗೆಗಷ್ಟೇ ಅಲ್ಲ, ಸೋಪಿನ ನೀರಲ್ಲಿ ರೇಷ್ಮೆ ಬೇಯಿಸುವುದಕ್ಕೂ ದಿನಾ ಸೌದೆ ಬೇಕು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅವಳ ಕಣ್ಣು ಕೆಂಪಾಗಿರುತ್ತಿತ್ತು. ಚೀಲವನ್ನು ಬೇಲಿಯ ಮೇಲಿಂದ ದಾಟಿಸಿದೆ.

ಮಾರನೆಯ ದಿನವೇ ಅವಳು ಕೂಗಿ ಹೇಳಿದಳು: "ನಿಮ್ ಸೌದೆ ಕಡ್ಡಿ ಗೀರಿದೇಟ್ಗೇ ಅತ್ಕತದೆ ಕಣಣ್ಣ! ದೇವ್ರಂಗ್ ಬಂದ್ರಿ."

ಅವತ್ತಿನಿಂದ ವಾರಕ್ಕೊಂದು ಚೀಲ ಕೊಟ್ಟೆ. ಒಂದು ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬರುವವರೆಗೂ ಕೊಟ್ಟೆ. ಒಬ್ಬರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ನನ್ನ ಮನಸ್ಸಿನಲ್ಲಿ ಒಂದು ತೃಪ್ತಿ ಇತ್ತು.

ಮೊದಲು ಚೌಡಪ್ಪನಿಗೆ ಹೊಟ್ಟೆನೋವು ಶುರುವಾಯಿತು. ಮಗ್ಗದ ಗುಣಿಯಲ್ಲಿ ಕೂತವನು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ಮುದುಡಿಕೊಳ್ಳುತ್ತಿದ್ದ. ವಾಯು ಎಂದರು, ಕಷಾಯ ಕೊಟ್ಟರು. ಮುಖ ಬೂದಿ ಬಣ್ಣಕ್ಕೆ ತಿರುಗಿತು. ಅದೇ ಸಮಯದಲ್ಲಿ ರಂಗಮ್ಮ ಬಸುರಾಗಿದ್ದಳು. ಐದನೆಯ ತಿಂಗಳಲ್ಲಿ ಕೂಸು ಹೋಯಿತು. ಪುಟ್ಟಮ್ಮ ನಾಲ್ಕು ದಿನ ಅವರ ಮನೆಯಲ್ಲೇ ಇದ್ದು ನೋಡಿಕೊಂಡಳು. ಆ ನಾಲ್ಕು ದಿನ ನಾನು ಎರಡು ಚೀಲ ಸೌದೆ ಹೆಚ್ಚಿಗೆ ಕೊಟ್ಟೆ, ಬಾಣಂತಿಗೆ ಮಾಡುವಂತೆ ಬಿಸಿನೀರು ಕಾಯಿಸಿಕೊಡಬೇಕಲ್ಲ ಎಂದು.

ಒಂದು ಭಾನುವಾರ ಬೆಳಿಗ್ಗೆ ನಾನು ಅವನ ಮಗ್ಗದ ಪಕ್ಕ ಕೂತು ಮಾತಾಡುತ್ತಿದ್ದೆ. ಚೌಡಪ್ಪ ಲಾಳಿಯ ಹಗ್ಗ ಎಳೆದ. ಲಾಳಿ ಅರ್ಧ ದಾರಿಗೆ ಬಂದು ನಿಂತಿತು. ಇನ್ನೊಮ್ಮೆ ಎಳೆಯಲು ಕೈ ಎತ್ತಿದ. ತೋಳು ಮೇಲೆ ಬಂತು, ಮಣಿಕಟ್ಟಿನಿಂದ ಮುಂದಕ್ಕೆ ಹಸ್ತ ಕೆಳಗೆ ಜೋತುಬಿತ್ತು, ಕತ್ತು ಮುರಿದ ಕೋಳಿಯ ಹಾಗೆ.

"ಲೇ ರಾಚಾ," ಎಂದ. "ಕೈ ಏಳ್ತಾ ಇಲ್ಲ ಕಣ್ಲಾ."

ಮರಗಟ್ಟಿದೆಯೇನೋ ಎಂದು ಉಜ್ಜಿದೆ. ಅವನು ಎಡಗೈಯಲ್ಲಿ ಬಲಗೈಯನ್ನು ಎತ್ತಿ ಹಿಡಿದು ಬಿಟ್ಟ. ಮತ್ತೆ ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು. ರಂಗಮ್ಮ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಸೋಮವಾರ ನಮ್ಮ ಕಂಪನಿ ಬಸ್ಸಿನಲ್ಲೇ ಇಬ್ಬರನ್ನೂ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ವಯಸ್ಸಾದವರು, ನಿಧಾನವಾಗಿ ನೋಡಿದರು. ಎರಡೂ ಕೈ ಮುಂದಕ್ಕೆ ಚಾಚಿಸಿದರು. ಬಲಗೈ ಪೂರ್ತಿ ಜೋತಿತ್ತು, ಎಡಗೈಯೂ ಜೋಲತೊಡಗಿತ್ತು. ಬಾಯಿ ತೆರೆಸಿ, ತುಟಿ ಎಳೆದು ವಸಡು ನೋಡಿದರು. ಹಲ್ಲಿನ ಬುಡದಲ್ಲಿ ಪೆನ್ಸಿಲಿನಲ್ಲಿ ಎಳೆದ ಹಾಗೆ ನೀಲಿ ಗೆರೆ.

"ಏನು ಕೆಲಸ?"

"ಮಗ್ಗ ಸಾ," ಎಂದ ಚೌಡಪ್ಪ.

"ಸೀಸ ಕಾಯಿಸೋದು, ಅಚ್ಚಿನ ಮೊಳೆ ಜೋಡಿಸೋದು, ಬಣ್ಣ ಹೊಡೆಯೋದು, ಏನಾದರೂ ಮಾಡ್ತೀರಾ?"

"ಇಲ್ಲ ಸಾ. ರೇಸ್ಮೆ ಬುಟ್ರೆ ಬ್ಯಾರೆ ಮುಟ್ಟೋರಲ್ಲ ನಾವು."

"ಪಾತ್ರೆಗೆ ಕಲಾಯಿ ಹಾಕಿಸ್ತೀರಾ?"

"ಮಣ್ ಮಡಕೆಲೇ ಅಡ್ಗೆ ಬುದ್ದಿ," ಎಂದಳು ರಂಗಮ್ಮ.

ಡಾಕ್ಟರು ಅವಳ ಕಡೆ ತಿರುಗಿ ಕೇಳಿದರು: "ಒಲೆಗೆ ಏನು ಹಾಕ್ತೀಯಮ್ಮ?"

ರಂಗಮ್ಮನ ಮುಖ ಅರಳಿತು. ಒಂದು ಒಳ್ಳೆಯ ಮಾತು ಹೇಳುವ ಅವಕಾಶ ಸಿಕ್ಕಿತಲ್ಲ ಎನ್ನುವಂತೆ ನನ್ನ ಕಡೆ ಕೈ ತೋರಿಸಿದಳು. "ಸೌದೆ ಬುದ್ದಿ. ಈವಣ್ಣನೇ ಕೊಡೋದು. ಬ್ಯಾಟ್ರಿಯಿಂದ ಬಂದ ಸೌದೆ. ಓದ್ ಮಳೆಗಾಲದಿಂದ ನಮ್ಗೆ ಸೌದೆ ತಾಪತ್ರಯನೇ ಇಲ್ಲ, ಈವಣ್ಣನ ದಯ."

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು. ನಾನು ಹೇಳಿದೆ. ಬಿಚ್ಚುವುದು, ತೊಳೆಯುವುದು, ಒಣಗಿಸುವುದು ಎಲ್ಲ ಹೇಳಿದೆ. ಮೂರು ನೀರು ತೊಳೆದಿದ್ದೇನೆ ಎಂದು ಎರಡು ಸಲ ಹೇಳಿದೆ.

"ತೊಳೆದರೆ ಆಸಿಡ್ ಹೋಗುತ್ತೆ," ಎಂದರು ಅವರು. "ಮರದೊಳಗೆ ಇಳಿದ ಸೀಸ ಹೋಗಲ್ಲ. ಉರಿಸಿದಾಗ ಹೊಗೆಯಲ್ಲಿ ಬರುತ್ತೆ, ಬೂದಿಯಲ್ಲಿ ಉಳಿಯುತ್ತೆ. ಇವರು ಒಂದು ವರ್ಷದಿಂದ ಅದನ್ನೇ ಉಸಿರಾಡಿದಾರೆ, ತಿಂದಿದಾರೆ. ನೀವು ಬಾಯಿ ತೆಗೀರಿ ನೋಡೋಣ."

ನನ್ನ ವಸಡಿನಲ್ಲೂ ಗೆರೆ ಇತ್ತು. ಚೌಡಪ್ಪನದರಷ್ಟು ದಟ್ಟವಲ್ಲ, ಆದರೆ ಇತ್ತು. ಸೀಸ ಮುಟ್ಟಿದ ಕೈಯಲ್ಲೇ ಹತ್ತು ವರ್ಷ ಬುತ್ತಿ ಉಂಡಿದ್ದೆ.

ಡಾಕ್ಟರು ಆಡಿದ್ದು ಮೈಸೂರಿನ ಓದಿದವರ ಮಾತು, ಅರ್ಧ ಇಂಗ್ಲಿಷು; ಇಲ್ಲಿ ಬರೆದದ್ದು ನನಗೆ ತಿಳಿದಷ್ಟು. ರಂಗಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು: "ಏನಂದ್ರಣ್ಣ?"

"ಆ ಸೌದೆ ಉರಿಸ್ಬ್ಯಾಡಿ ಅಂದ್ರು ಕಣವ್ವ. ಒಗೆ ಒಳ್ಳೇದಲ್ವಂತೆ," ಎಂದೆ. ಅಷ್ಟೇ ಹೇಳಿದೆ.

ಚೌಡಪ್ಪನನ್ನು ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಮಾರನೆಯ ದಿನ ಬಟ್ಟೆಬರೆ ತರಲು ರಂಗಮ್ಮ ನನ್ನ ಜೊತೆ ಕೊಳ್ಳೇಗಾಲಕ್ಕೆ ಬಂದಳು. ಬಂದವಳು ಮೊದಲು ಹಿತ್ತಲಿಗೆ ಹೋಗಿ ಕೂತಳು. ಉಳಿದಿದ್ದ ಸೌದೆ ತೆಗೆದುಕೊಂಡು ಹೋಗೋಣ ಎಂದು ನಾನು ಬೇಲಿ ದಾಟಿ ಹೋದರೆ, ಅವಳು ಆಸ್ಪತ್ರೆಗೆ ಒಯ್ಯುವ ಚೊಂಬನ್ನು ಬೆಳಗುತ್ತಿದ್ದಳು. ಒಲೆಯ ಬೂದಿಯಲ್ಲಿ. ಮೊಣಕೈವರೆಗೂ ಬೂದಿ.

ಅವಳ ಹಿಂದೆ ಗೋಡೆಯ ಗೂಡಿನಲ್ಲಿ ತೆಂಗಿನ ಕರಟ. ಅದರ ತುಂಬ ಜರಡಿ ಹಿಡಿದ ಬಿಳಿ ಬೂದಿ. ಚೌಡಪ್ಪ ದಿನಾ ಬೆಳಿಗ್ಗೆ ಹಲ್ಲುಜ್ಜುವುದು ಅದರಲ್ಲೇ. ನಾನೇ ಎಷ್ಟೋ ಸಲ ನೋಡಿದ್ದೆ.

ಎರಡೇ ಹೆಜ್ಜೆಗೆ ಅವಳ ಹತ್ತಿರ ಹೋದೆ. ಅವಳ ಕೈಯಿಂದ ಚೊಂಬು ಕಿತ್ತುಕೊಂಡೆ.

"ಯಾಕಣ್ಣ? ಏನಾಯ್ತು?"

ಆಗ ಹೇಳಿದೆ. ಸೀಸ ವಿಷ ಎಂದು, ಅದು ಸೌದೆಯಲ್ಲಿತ್ತು ಎಂದು, ಹೊಗೆಯಲ್ಲಿ, ಬೂದಿಯಲ್ಲಿ, ಚೊಂಬಿನಲ್ಲಿ, ಕರಟದಲ್ಲಿ ಎಲ್ಲ ಇದೆ ಎಂದು. ಚೌಡಪ್ಪನ ಕೈ ಬಿದ್ದದ್ದು ಅದರಿಂದ ಎಂದು. ಕೊಟ್ಟವನು ನಾನು ಎಂದು.

ಅವಳು ಅಳಲಿಲ್ಲ. ಬೂದಿ ಹತ್ತಿದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಕೂತಿದ್ದಳು. ಹಾಗೇ ಕೇಳಿದಳು: "ಕೂಸೂ ಅದ್ಕೇಯಾ?"

"ಗೊತ್ತಿಲ್ಲ ಕಣವ್ವ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳುವ ಧೈರ್ಯ ನನಗೆ ಅವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಆಮೇಲೆ ಇನ್ನೊಂದು ಕೇಳಿದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು: "ನಿಮ್ಮನೇಲಿ ಯಾಕ್ ಉರಿಸ್ನಿಲ್ಲ?"

"ಪುಟ್ಟಿ... ನಾತ ಬತ್ತದೆ ಅಂದ್ಲು."

ಅವಳು ತಲೆಯಾಡಿಸಿದಳು. ಎದ್ದು ಹೋಗಿ ಬಾವಿಯ ನೀರಲ್ಲಿ ಕೈ ತೊಳೆದಳು. ಮತ್ತೆ ತೊಳೆದಳು. ಮೂರನೆಯ ಸಲ ತೊಳೆಯುವಾಗ ಪುಟ್ಟಮ್ಮ ಬೇಲಿಯ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಗೊತ್ತಾಯಿತು.

ಮನೆಗೆ ಬಂದ ಮೇಲೆ ಪುಟ್ಟಮ್ಮ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. "ನಂಗೇ ಬ್ಯಾಡ ಅನ್ಸಿದ್ದ ಅವ್ರಿಗ್ ಕೊಡುವಾಗ ನಾನೂ ಸುಮ್ಕಿದ್ನಲ್ಲ" ಎಂದಳು. ಅವತ್ತಿನಿಂದ ಎರಡು ಮನೆಯ ಅಡುಗೆಯನ್ನೂ ಅವಳೇ ಮಾಡಿದಳು. ನಾನು ರಜೆ ಹಾಕಿ ಅವರ ಒಲೆ ಒಡೆದೆ. ಬೂದಿ, ಒಲೆಯ ಮಣ್ಣು, ಹಿತ್ತಲಲ್ಲಿ ಬೂದಿ ಸುರಿದ ಜಾಗದ ಮೇಲುಮಣ್ಣು ಎಲ್ಲವನ್ನೂ ಒದ್ದೆ ಮಾಡಿ ಚೀಲಕ್ಕೆ ತುಂಬಿ ಶೆಡ್ಡಿನ ಹಿಂದಿನ ಕುಳಿಗೆ ಹಾಕಿದೆ. ಗೋಡೆ ತೊಳೆದು ಸುಣ್ಣ ಬಳಿದೆ. ಮಡಕೆಗಳನ್ನು ಒಡೆದು ಹೊಸದು ತಂದೆ. ರಂಗಮ್ಮ ನಾನು ಹೇಳಿದ್ದಕ್ಕೆಲ್ಲ ಜಾಗ ಬಿಟ್ಟುಕೊಟ್ಟಳು.

ಆ ಕೆಲಸದ ಮಧ್ಯೆ ಇನ್ನೊಂದು ನೆನಪಾಯಿತು. ಹನೂರಿನಲ್ಲಿ ಮಾದೇವ ಎಂಬ ಲಾರಿ ಮೆಕ್ಯಾನಿಕ್ಕಿಗೆ ಬ್ಯಾಟರಿ ಬಿಚ್ಚುವ ಕೆಲಸ ಕಲಿಸಿದ್ದವನು ನಾನೇ. ಮರ ಹಾಳು ಮಾಡಬೇಡ, ತೊಳೆದು ಒಣಗಿಸು ಎಂದು ಕಲಿಸಿದ್ದವನೂ ನಾನೇ. ಸಿಕ್ಕಿದ ಬಸ್ಸು ಹತ್ತಿದೆ.

ಮಾದೇವ ಸುಮಾರು ನನ್ನ ವಯಸ್ಸಿನವನೇ, ಗಟ್ಟಿ ಆಳು. ಅವನ ಗ್ಯಾರೇಜಿನ ಪಕ್ಕದಲ್ಲಿ ಟೀ ಹೋಟೆಲು. ಅಲ್ಲಿ ಹಾಲಿನ ಬಾಣಲೆಯ ಕೆಳಗೆ ನಾನು ಎಲ್ಲಿಯಾದರೂ ಗುರುತು ಹಿಡಿಯುವ ಆ ತೆಳ್ಳನೆಯ ಹಾಳೆಗಳು ಉರಿಯುತ್ತಿದ್ದವು. ಬೆಂಚಿನ ಮೇಲೆ ಐದಾರು ಜನ ಕೂತು ಟೀ ಕುಡಿಯುತ್ತಿದ್ದರು. ನಾನು ಹೋದವನೇ ಪಕ್ಕದ ಕೊಡದ ನೀರು ಎತ್ತಿ ಒಲೆಗೆ ಸುರಿದುಬಿಟ್ಟೆ. ಹೋಟೆಲಿನವನು ಹೊಡೆಯಲು ಬಂದ. ಮಾದೇವ ಓಡಿ ಬಂದು ಬಿಡಿಸಿದ.

"ಏನ್ಲಾ ರಾಚಪ್ಪ, ತಲೆಗಿಲೆ ಕೆಟ್ಟದಾ?"

ಹೇಳಿದೆ. ಅವನು ನಕ್ಕ. "ಬುಡ್ಲಾ, ನಂಗೇನಾಗದೆ? ಕಲ್ಲಂಗಿವ್ನಿ."

ನಾನು ಕೆಳತುಟಿ ಎಳೆದು ನನ್ನ ವಸಡು ತೋರಿಸಿದೆ. ಅಲ್ಲಿ ನಿಂತಿದ್ದ ಲಾರಿಯ ಕನ್ನಡಿಯ ಮುಂದೆ ಅವನನ್ನು ನಿಲ್ಲಿಸಿದೆ. "ನಿಂದ್ ನೋಡ್ಕ."

ಮಾದೇವ ನಗುತ್ತಲೇ ತುಟಿ ಎಳೆದ. ಕನ್ನಡಿಗೆ ಮುಖ ಹತ್ತಿರ ತಂದ. ಬೆರಳಿನಿಂದ ಆ ಗೆರೆಯನ್ನು ಉಜ್ಜಿ ನೋಡಿದ. ಹೋಗಲಿಲ್ಲ. ಅಂಗಿಯ ತುದಿಯಿಂದ ಉಜ್ಜಿದ. ಹೋಗಲಿಲ್ಲ. ಆಮೇಲೆ ಬಾಯಿ ಮುಚ್ಚುವುದನ್ನೂ ಮರೆತು ಹಾಗೇ ನನ್ನ ಕಡೆ ತಿರುಗಿದ. ಅವನ ಹಿಂದೆ ನಿಂತು ನೋಡುತ್ತಿದ್ದ ಹೋಟೆಲಿನವನು ಬಾಣಲೆಯ ಹಾಲನ್ನು ಹೋಗಿ ಚರಂಡಿಗೆ ಸುರಿದ.

ಶೆಡ್ಡಿನಲ್ಲಿ ನಾನು ಮೊದಲು ಮಾಡಿದ ಕೆಲಸ ಪಳನಿ ಮೇಸ್ತ್ರಿಗಳ ಕುಳಿಯನ್ನು ಮತ್ತೆ ಶುರುಮಾಡಿದ್ದು. ಮಾಲೀಕರು ನೀರಿನ ತೊಟ್ಟಿ, ಸೋಪು, ರಬ್ಬರ್ ಕೈಗವಸು ಕೊಡಿಸಲು ಒಪ್ಪಿದರು. ಬುತ್ತಿ ಉಣ್ಣುವ ಜಾಗವನ್ನು ಶೆಡ್ಡಿನಿಂದ ಆಚೆ ಮಾಡಿದೆ. ಕೆಲಸದ ಅಂಗಿ ಮನೆಗೆ ಒಯ್ಯಬಾರದು ಎಂದು ನಿಯಮ ಮಾಡಿದೆ. ಎಪ್ಪತ್ತರ ಹೊತ್ತಿಗೆ ಮರದ ಹಾಳೆ ಹೋಗಿ ರಬ್ಬರು, ಪ್ಲಾಸ್ಟಿಕ್ಕಿನ ಹಾಳೆ ಬಂತು. ಮರದ ಪೆಟ್ಟಿಗೆ ಅದಕ್ಕೂ ಮೊದಲೇ ಹೋಯಿತು. ಆಮೇಲೆ ಬಿಚ್ಚಿ ಕಟ್ಟುವ ಕೆಲಸವೇ ನಿಲ್ಲುತ್ತಾ ಬಂತು. ಒಳ್ಳೆಯದಾಯಿತು. ಬ್ಯಾಟರಿಯನ್ನು ಹೊರಗಿನಿಂದ ಎಷ್ಟು ಬೇಕಾದರೂ ಆರೈಕೆ ಮಾಡಿ. ಸತ್ತ ಮೇಲೆ ಅದನ್ನು ಬಿಚ್ಚಬೇಡಿ, ಅದರ ಯಾವ ಚೂರನ್ನೂ ಮನೆಯ ಹೊಸ್ತಿಲು ದಾಟಿಸಬೇಡಿ.

ಚೌಡಪ್ಪ ಆಸ್ಪತ್ರೆಯಿಂದ ಬಂದಾಗ ಹೊಟ್ಟೆನೋವು ನಿಂತಿತ್ತು, ಮುಖಕ್ಕೆ ರಕ್ತ ಬಂದಿತ್ತು. ಅವನಿಗೂ ನಾನೇ ಹೇಳಿದೆ. ಅವನು ಕೇಳಿಸಿಕೊಂಡು ಒಳಗೆ ಮಗ್ಗದ ಹತ್ತಿರ ಹೋದ. ಎಡಗೈ ಆರು ತಿಂಗಳಲ್ಲಿ ಸರಿಹೋಯಿತು. ಬಲಗೈ ಏಳಲು ವರ್ಷವೇ ಹಿಡಿಯಿತು, ಎದ್ದರೂ ಬೇಗ ಸೋಲುತ್ತಿತ್ತು. ಅಷ್ಟು ದಿನ ರಂಗಮ್ಮ ನೂಲು ಸುತ್ತಿ ಮನೆ ನಡೆಸಿದಳು. ಅವನು ಮತ್ತೆ ಮಗ್ಗಕ್ಕೆ ಕೂತ. ಆದರೆ ಆ ಅಂಚಿನ ಸೀರೆ ಅವನಿಂದ ಮತ್ತೆ ಆಗಲಿಲ್ಲ. ಅಂಚಿಲ್ಲದ ಸಾದಾ ಬಟ್ಟೆ ನೇಯ್ದ. ಬೇರೆ ಕೇರಿಯವರು ನೋಡಲು ಬರುವುದು ನಿಂತಿತು. ಅವರಿಗೆ ಮುಂದೆ ಮಕ್ಕಳಾಗಲಿಲ್ಲ.

ರಂಗಮ್ಮ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಪುಟ್ಟಮ್ಮನ ಜೊತೆ ಮೊದಲಿನಂತೆಯೇ ಇದ್ದಳು. ನನ್ನನ್ನು ಮಾತ್ರ ಅಣ್ಣ ಎಂದು ಕರೆಯಲಿಲ್ಲ. ಏನಾದರೂ ಹೇಳಬೇಕಾದರೆ ಕರೆಯದೆಯೇ ಹೇಳುತ್ತಿದ್ದಳು.

ಎರಡು ವರ್ಷ ಕಳೆದಿರಬೇಕು. ಒಂದು ದಿನ ಮಧ್ಯಾಹ್ನ ಚೌಡಪ್ಪ ಶೆಡ್ಡಿಗೆ ಬಂದ. ಅವನು ಅದುವರೆಗೆ ಅಲ್ಲಿಗೆ ಬಂದವನೇ ಅಲ್ಲ. ಬಾಗಿಲಲ್ಲಿ ನಿಂತು ಕೇಳಿದ: "ಯಾವ್ದ್ಲಾ ಅದು? ನನ್ ಕೈ ತಿಂದಿದ್ದು? ತೋರ್ಸು ನೋಡವ."

ಬಿಚ್ಚಿಟ್ಟಿದ್ದ ಒಂದು ಹಳೆಯ ಬ್ಯಾಟರಿ ಇತ್ತು. ದೂರ ನಿಲ್ಲಿಸಿ ತೋರಿಸಿದೆ. ಪ್ಲೇಟುಗಳನ್ನು ತೋರಿಸಿದೆ, ತಳದಲ್ಲಿ ಕೂತ ಬೂದುಬಣ್ಣದ ಕೆಸರನ್ನು ತೋರಿಸಿದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ಇ‍ಷ್ಟೇಯಾ?" ಎಂದ.

"ಇಷ್ಟೇ ಕಣ್ಲಾ."

ಅವನು ನನ್ನ ಕಡೆ ತಿರುಗಿದ. "ಅಂಗಾದ್ರೆ ದಿನಾ ಮುಟ್ಟೋನು ನೀನು. ನಿನ್ ಕೈ ಚಾಚು."

ಕೈಗವಸು ತೆಗೆದು ಎರಡು ಕೈ ಚಾಚಿದೆ. ಚೌಡಪ್ಪ ತನ್ನ ಬಲಗೈಯನ್ನು ನನ್ನ ಹಸ್ತದ ಮೇಲಿಟ್ಟು ಕೆಳಕ್ಕೆ ಒತ್ತಿದ. ಆಸ್ಪತ್ರೆಯಲ್ಲಿ ಡಾಕ್ಟರು ಅವನಿಗೆ ಮಾಡುತ್ತಿದ್ದದ್ದು ಹಾಗೆಯೇ. ಅವನ ಬೆರಳಿಗೆ ಒತ್ತುವ ಬಲ ಇರಲಿಲ್ಲ. ನನ್ನ ಹಸ್ತ ಬಗ್ಗಲಿಲ್ಲ. ಇನ್ನೊಂದು ಕೈಯನ್ನೂ ಒತ್ತಿ ನೋಡಿದ. ಆಮೇಲೆ ನನ್ನ ತುಟಿ ಎಳೆದು ವಸಡು ನೋಡಿದ.

"ಗೆರೆ ವಸಿ ಮಾಸ್ಕಂಡ್ ಬಂದದೆ," ಎಂದ. "ಸರಿ, ಓಯ್ತೀನಿ."

"ಇದ್ಕೇ ಬಂದ್ಯಾ?"

"ರಂಗಿ ಕಳುಗ್ಸುದ್ಲು," ಎಂದ ಚೌಡಪ್ಪ. "ಅವನ್ ಕೈ ಎಂಗದೆ ನೋಡ್ಕಂಡ್ ಬಾ ಅಂದ್ಲು."